ಪುಣೆಗೆ ಬಂದಿದ್ದ ಮಂಗಳೂರಿನ ಫಾದರ್

ಸಾಸವಡದವರಿಗೆ ಆಚಾರ್ಯ ಅತ್ರೆ ಅಂದ್ರೆ ಮನೆಮಾತು. ಅತ್ರೆಗಿಂತ ಒಂದು ವರ್ಷ ಮೊದಲು, 1897ರಲ್ಲಿ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜೆರೋಮ್ ಡಿಸೋಜಾ ಎಷ್ಟು ಜನಕ್ಕೆ ಗೊತ್ತು?

ಇವರು ಜೆಸ್ವಿಟ್ ಪಾದ್ರಿ. 1942ರಿಂದ 1950ರವರೆಗೆ ಮದ್ರಾಸಿನ ಲೊಯೋಲಾ ಕಾಲೇಜಿನ ಪ್ರಿನ್ಸಿಪಾಲರು. ಅದೇ ಅವಧಿಯಲ್ಲಿ ಸಂವಿಧಾನ ರಚನಾ ಸಭೆಯ ಸದಸ್ಯರೂ ಹೌದು. ಧರ್ಮ ಸ್ವಾತಂತ್ರ್ಯ, ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ಅಲ್ಲಿ ಮಾತಾಡಿದರು. ವಿಶ್ವಸಂಸ್ಥೆಗೆ ಹೋದ ಭಾರತದ ನಿಯೋಗದಲ್ಲೂ ಹಲವು ಸಲ ಇದ್ದರು.

1951ರಲ್ಲಿ ಪುಣೆಯಲ್ಲಿ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ಶುರುಮಾಡಿದರು. ಹೊಸದಾಗಿ ಸ್ವತಂತ್ರವಾದ ದೇಶದಲ್ಲಿ ದಾನಧರ್ಮ ಒಂದೇ ಸಾಲದು, ಸಮಾಜದ ಅಧ್ಯಯನ, ತರಬೇತಿ ಎರಡೂ ಬೇಕು ಅನ್ನೋದು ಅದರ ಹಿಂದಿನ ವಿಚಾರ. 1963ರಲ್ಲಿ ಅದು ದೆಹಲಿಗೆ ಹೋಯಿತು. ಫಾದರ್ 1977ರಲ್ಲಿ ತೀರಿಕೊಂಡರು.

ಇದು ಬರೀ ಕ್ರೈಸ್ತರ ಕಥೆ ಅಂದುಕೊಳ್ಳಬೇಡಿ. ಆ ಸಭೆ ರೂಪಿಸಿದ ಸಂವಿಧಾನದ 30ನೇ ವಿಧಿ ಧಾರ್ಮಿಕ ಅಲ್ಪಸಂಖ್ಯಾತರ ಜೊತೆ ಭಾಷಾ ಅಲ್ಪಸಂಖ್ಯಾತರಿಗೂ ತಮ್ಮದೇ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಮಹಾರಾಷ್ಟ್ರದಲ್ಲಿ ನಾವು, ಕನ್ನಡಿಗರು, ಭಾಷಾ ಅಲ್ಪಸಂಖ್ಯಾತರೇ ತಾನೆ? ಹಕ್ಕೇನೋ ಪುಸ್ತಕದಲ್ಲಿದೆ. ಮಕ್ಕಳಿಗೆ ಅ ಆ ಇ ಈ ಕಲಿಸೋದು ಮಾತ್ರ ನಮ್ಮ ಪಾಲಿನ ಕೆಲಸ.