ಹುಡ್ ಹಂದರದ ರಿವೆಟ್‌ಗಳು

ಹುಡ್ ಹಂದರದ ರಿವೆಟ್‌ಗಳು: ಮಡಚುವ ಮೇಲ್ಛಾವಣಿಯ ಹಳೆಯ ಕಾರುಗಳಲ್ಲಿ ಬಟ್ಟೆಯ ಹುಡ್ಡನ್ನು ಎತ್ತಿಹಿಡಿಯುವ ಹಂದರದ ಭಾಗಗಳನ್ನು ಒಂದಕ್ಕೊಂದು ಕೂಡಿಸುವ ಲೋಹದ ಕೀಲುಗಳು. ಇವುಗಳ ಒಂದು ತುದಿಯಲ್ಲಿ ತಲೆ ಮೊದಲೇ ಇರುತ್ತದೆ. ತೂತಿನಲ್ಲಿ ತೂರಿಸಿದ ಮೇಲೆ ಇನ್ನೊಂದು ತುದಿಯನ್ನು ಬಡಿದು ಅಥವಾ ಒತ್ತಿ ಎರಡನೆಯ ತಲೆ ಮಾಡುತ್ತಾರೆ. ಬೋಲ್ಟಿನಂತೆ ಬಿಚ್ಚಿ ಮತ್ತೆ ಹಾಕುವಂತಿಲ್ಲವಾದ್ದರಿಂದ, ಹಂದರ ದುರಸ್ತಿಯಲ್ಲಿ ತೆಗೆದ ಪ್ರತಿ ರಿವೆಟ್‌ನ ಜಾಗಕ್ಕೂ ಹೊಸದು ಬೇಕು. ಆ ಕೂಡು ತಿರುಗಬೇಕೋ ಅಲುಗದೆ ಇರಬೇಕೋ ಎಂಬುದೇ ಆಯ್ಕೆಯ ಮೊದಲ ಪ್ರಶ್ನೆ. ಲೋಹ, ಅಳತೆ, ತಲೆಯ ಆಕಾರಗಳ ವಿಚಾರ ಆಮೇಲಿನದು.

ಹಂದರದ ರಚನೆ

ಹಂದರದಲ್ಲಿ ಕಾರಿನ ಅಗಲಕ್ಕೆ ನಿಲ್ಲುವ ಕಮಾನುಗಳು, ಎರಡು ಪಕ್ಕಗಳ ಉಕ್ಕಿನ ತೋಳುಗಳು ಮತ್ತು ಮುಂಗಾಜಿನ ಚೌಕಟ್ಟಿನ ಮೇಲೆ ಕೂರುವ ಮುಂಪಟ್ಟಿ ಇರುತ್ತವೆ. ಆರಂಭಕಾಲದ ಕಾರುಗಳ ಕಮಾನುಗಳು ಹೆಚ್ಚಾಗಿ ಹಬೆಯಲ್ಲಿ ಬಗ್ಗಿಸಿದ ಆಶ್ ಮರದವು. ಅವುಗಳ ತುದಿಗಳನ್ನು ಉಕ್ಕಿನ ಕುಪ್ಪಿಗೆಗಳಲ್ಲಿ ಸಿಕ್ಕಿಸಿರುತ್ತಾರೆ. ಮುಂದಿನ ದಶಕಗಳಲ್ಲಿ ಉಕ್ಕಿನ ಕಮಾನುಗಳು ಹೆಚ್ಚಾದವು. ಜರ್ಮನಿಯ ಓಸ್ನಾಬ್ರೂಕ್‌ನಲ್ಲಿ ಕಾರ್ಮನ್ ಸಂಸ್ಥೆ 1949ರಿಂದ 1980ರವರೆಗೆ ತಯಾರಿಸಿದ ಫೋಕ್ಸ್‌ವ್ಯಾಗನ್ ಬೀಟಲ್ ಕ್ಯಾಬ್ರಿಯೊಲೆಟ್‌ನ ಹುಡ್ಡಿಗೆ ದಪ್ಪ ಮೆತ್ತೆಯ ಪದರವೂ ಇತ್ತು. ಹೀಗೆ ಹುಡ್ ಭಾರವಾದಷ್ಟೂ ತಿರುಗುವ ಕೂಡುಗಳ ಮೇಲೆ ಹೊರೆ ಹೆಚ್ಚು. ಅಲ್ಲಿನ ರಿವೆಟ್ ಭಾಗಗಳನ್ನು ಹಿಡಿದಿಡುವುದಲ್ಲದೆ ಅಚ್ಚಾಗಿಯೂ ದುಡಿಯುತ್ತದೆ.

ಬಗೆಗಳು

ಮೆಟ್ಟಿಲು ರಿವೆಟ್: ತಿರುಗುವ ಕೂಡಿಗೆ ಹೇಳಿ ಮಾಡಿಸಿದ್ದು. ತಲೆಯ ಕೆಳಗಿನ ದಪ್ಪ ಭಾಗದ ಮೇಲೆ ತೋಳು ತಿರುಗುತ್ತದೆ. ಅದರ ಮುಂದಿನ ಸಪುರ ತುದಿಯನ್ನು ಎದುರಿನ ಪಟ್ಟಿಯಲ್ಲಿ ತೂರಿಸಿ ಬಡಿಯುತ್ತಾರೆ. ದಪ್ಪ ಭಾಗದ ಉದ್ದ ತೋಳು ಮತ್ತು ವಾಷರ್‌ಗಳ ಒಟ್ಟು ದಪ್ಪಕ್ಕಿಂತ ಕೂದಲೆಳೆಯಷ್ಟು ಹೆಚ್ಚಿರಬೇಕು. ಆಗ ತುದಿಯನ್ನು ಎಷ್ಟೇ ಬಿಗಿಯಾಗಿ ಬಡಿದರೂ ತೋಳು ಕಚ್ಚಿಕೊಳ್ಳುವುದಿಲ್ಲ.

ಗಟ್ಟಿ ರಿವೆಟ್: ಉದ್ದಕ್ಕೂ ತುಂಬು ಲೋಹ. ಅಲುಗಬಾರದ ಕಡೆ ಇದಕ್ಕಿಂತ ಬಲವಾದದ್ದಿಲ್ಲ. ಬಡಿದಾಗ ಇದು ಉಬ್ಬಿ ತೂತನ್ನು ತುಂಬಿಕೊಳ್ಳುತ್ತದೆ. ಆದ್ದರಿಂದ ತಿರುಗುವ ಕೂಡಿಗೆ ಬಳಸಿದರೆ ತೋಳು ಬಿಗಿದುಕೊಳ್ಳುವ ಅಪಾಯವಿದೆ.

ಅರೆಟೊಳ್ಳು ರಿವೆಟ್: ತುದಿ ಮಾತ್ರ ಟೊಳ್ಳು. ಕಡಿಮೆ ಬಲದಲ್ಲೇ ತುದಿ ಹೊರಕ್ಕೆ ಸುರುಳಿಯಾಗುತ್ತದೆ, ನಡುಭಾಗ ಉಬ್ಬುವುದಿಲ್ಲ. ಹಗುರ ಕೊಂಡಿಗಳಿಗೂ ಸಣ್ಣ ತಿರುಗು ಕೂಡುಗಳಿಗೂ ಹೊಂದುತ್ತದೆ.

ಪಾಪ್ ರಿವೆಟ್: ಒಂದೇ ಬದಿಯಿಂದ ಎಳೆದು ಕೂರಿಸುವ ಟೊಳ್ಳು ರಿವೆಟ್. ರಬ್ಬರ್ ಪಟ್ಟಿಯನ್ನು ಹಿಡಿಯುವ ಲೋಹದ ತೋಡುಪಟ್ಟಿ ಕೂರಿಸಲು ಸಾಕು. ಹೊರೆ ಹೊತ್ತು ತಿರುಗುವ ಜಾಗಕ್ಕೆ ಸಲ್ಲದು. ಬೇಗ ಸವೆದು ಸಡಿಲಾಗುತ್ತದೆ. ಕಾಲದ ಲೆಕ್ಕದಲ್ಲೂ ಇದು ಎಲ್ಲ ಕಾರಿಗೆ ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ಇದು ಮಾರುಕಟ್ಟೆಗೆ ಬಂದದ್ದು 1920ರ ದಶಕದ ಕೊನೆಗೆ. ಫೋರ್ಡ್ ಮಾಡೆಲ್ ಟಿ ತಯಾರಿಕೆ 1927ರಲ್ಲೇ ನಿಂತಿತ್ತು. ಮಾಡೆಲ್ ಟಿ ಹುಡ್ಡಿನಲ್ಲಿ ಪಾಪ್ ರಿವೆಟ್ ಕಂಡರೆ ಅದು ಆಮೇಲಿನ ರಿಪೇರಿ ಎಂದೇ ಅರ್ಥ.

ಲೋಹ

ಉಕ್ಕಿನ ಹಂದರಕ್ಕೆ ಮೆದು ಉಕ್ಕಿನ ರಿವೆಟ್ ಯೋಗ್ಯ. ತಣ್ಣಗಿರುವಾಗಲೇ ಬಡಿದರೂ ಬಿರುಕು ಬಿಡದೆ ತಲೆ ಮೂಡುತ್ತದೆ. ಅಲ್ಯುಮಿನಿಯಂ ಬಡಿಯಲು ಸುಲಭ, ಆದರೆ ಬೇಗ ಸವೆಯುತ್ತದೆ. ಉಕ್ಕಿನ ಜೊತೆ ತೇವದಲ್ಲಿದ್ದರೆ ತಾನೇ ಕರಗುತ್ತಾ ಹೋಗುತ್ತದೆ. ಸ್ಟೇನ್‌ಲೆಸ್ ಉಕ್ಕು ತುಕ್ಕು ಹಿಡಿಯದಿದ್ದರೂ ಬಡಿದಂತೆ ಗಡುಸಾಗುವುದರಿಂದ ಕೈಸುತ್ತಿಗೆಗೆ ಬಗ್ಗುವುದು ಕಷ್ಟ. ತಿರುಗುವ ಉಕ್ಕಿನ ಪಟ್ಟಿಗಳ ನಡುವೆ ಹಿತ್ತಾಳೆ ವಾಷರ್ ಇಟ್ಟರೆ ಉಜ್ಜಾಟ ಕಡಿಮೆಯಾಗುತ್ತದೆ, ಬಣ್ಣವೂ ಉಳಿಯುತ್ತದೆ.

ಅಳತೆ

ಹಳೆಯ ರಿವೆಟ್‌ನ ವ್ಯಾಸವನ್ನು ಸವೆಯದ ಭಾಗದಲ್ಲಿ, ತಲೆಯ ಬುಡದ ಹತ್ತಿರ, ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಬೇಕು. ಬ್ರಿಟಿಷ್ ಮತ್ತು ಅಮೆರಿಕನ್ ಹಳೆಯ ಕಾರುಗಳ ಅಳತೆ ಇಂಚಿನದು. ಕಾಲು ಇಂಚು ಎಂದರೆ 6.35 ಮಿ.ಮೀ.; ಅಂಗಡಿಯಲ್ಲಿ ಸಿಕ್ಕ 6 ಮಿ.ಮೀ. ರಿವೆಟ್ ಆ ತೂತಿನಲ್ಲಿ ಮೊದಲ ದಿನದಿಂದಲೇ ಅಲುಗುತ್ತದೆ. ಒಂದೊಂದು ಕೂಡಿನ ಸಣ್ಣ ಸಡಿಲವೂ ಸೇರಿಕೊಂಡು, ಮುಂಪಟ್ಟಿ ಮುಂಗಾಜಿನ ಚೌಕಟ್ಟಿಗೆ ಸರಿಯಾಗಿ ಕೂರುವುದಿಲ್ಲ.

ಗುಂಡುತಲೆಯ ಗಟ್ಟಿ ರಿವೆಟ್‌ಗೆ ರೂಢಿಯ ಲೆಕ್ಕವೆಂದರೆ, ಕೂಡಿಸುವ ಭಾಗಗಳ ಒಟ್ಟು ದಪ್ಪಕ್ಕೆ ವ್ಯಾಸದ ಒಂದೂವರೆ ಪಟ್ಟು ಸೇರಿಸುವುದು. 3 ಮಿ.ಮೀ. ದಪ್ಪದ ಎರಡು ಪಟ್ಟಿಗಳನ್ನು 6 ಮಿ.ಮೀ. ರಿವೆಟ್‌ನಿಂದ ಕೂಡಿಸಲು 6ಕ್ಕೆ 9 ಸೇರಿ 15 ಮಿ.ಮೀ. ಉದ್ದ ಬೇಕು, ಜೊತೆಗೆ 1 ಮಿ.ಮೀ. ವಾಷರ್ ಇದ್ದರೆ 16. ಅರೆಟೊಳ್ಳು ರಿವೆಟ್‌ಗೆ ಇದಕ್ಕಿಂತ ಕಡಿಮೆ ಸಾಕು. ಗುಂಡುತಲೆಯ ರಿವೆಟ್‌ನ ಉದ್ದವನ್ನು ತಲೆ ಬಿಟ್ಟು ಅಳೆದರೆ, ತೂತಿನೊಳಗೆ ಸಮನಾಗಿ ಕೂರುವ ತಲೆಯದನ್ನು ತಲೆ ಸೇರಿಸಿ ಅಳೆಯುತ್ತಾರೆ. ಮಡಚಿದಾಗ ತೋಳುಗಳು ಒತ್ತಿಕೊಂಡು ಕೂರುವ ಕಡೆ ಈ ಸಮತಲೆಯದೇ ಬೇಕು. ಉಬ್ಬಿದ ತಲೆ ಪಕ್ಕದ ತೋಳಿಗೆ ತಗುಲುತ್ತದೆ.

ಕೆಲಸದ ಕ್ರಮ

ಹಳೆಯ ರಿವೆಟ್‌ನ ತಲೆಯನ್ನು ಅರದಿಂದಲೋ ಗ್ರೈಂಡರ್‌ನಿಂದಲೋ ಸವೆಸಿ, ನಡುವೆ ಗುರುತು ಹೊಡೆದು, ರಿವೆಟ್‌ಗಿಂತ ತುಸು ಸಣ್ಣ ಡ್ರಿಲ್‌ನಿಂದ ಕೊರೆದು ಹೊರಗೆ ತಳ್ಳುತ್ತಾರೆ. ಉಳಿಯಿಟ್ಟು ಕತ್ತರಿಸಲು ಹೋದರೆ ಪಟ್ಟಿ ಬಾಗುತ್ತದೆ. ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ವೆಲ್ಡ್ ತುಂಬಿ ಮತ್ತೆ ಕೊರೆಯಬೇಕು, ಇಲ್ಲವೇ ಬುಷ್ ಕೂರಿಸಬೇಕು. ಹೊಸ ರಿವೆಟ್ ಎಷ್ಟೇ ಒಳ್ಳೆಯದಾದರೂ ಸವೆದ ತೂತನ್ನು ಸರಿಮಾಡಲಾರದು.

ಎಲ್ಲ ಕೂಡುಗಳಿಗೂ ಮೊದಲು ಬೋಲ್ಟ್ ಹಾಕಿ, ಹಂದರವನ್ನು ಕಾರಿನ ಮೇಲೇ ಕೂರಿಸಿ, ಬಾಗಿಲು ಮುಚ್ಚಿ ಗಾಜು ಏರಿಸಿ, ಮಡಚಿ ಬಿಚ್ಚಿ ನೋಡುವುದು ರೂಢಿ. ಪಟ್ಟಿಗಳ ನಡುವಿನ ಮೇಲ್ಮೈಗೆ ಬಣ್ಣ ಬಳಿಯುವುದು ರಿವೆಟ್ ಹಾಕುವ ಮೊದಲೇ. ಆಮೇಲೆ ಕುಂಚ ಅಲ್ಲಿಗೆ ಮುಟ್ಟದು. ಬಡಿಯುವಾಗ ತಲೆಯನ್ನು ಅದರ ಆಕಾರದ ಗುಳಿಯಿರುವ ಡಾಲಿ ಎಂಬ ಆಧಾರದ ಮೇಲಿಟ್ಟು, ಎದುರು ತುದಿಗೆ ಗುಂಡುಮೂತಿಯ ಸುತ್ತಿಗೆಯಿಂದ ಸುತ್ತಲೂ ಸಣ್ಣ ಪೆಟ್ಟು ಕೊಟ್ಟು, ಕೊನೆಗೆ ಗುಳಿಮೂತಿಯ ಸಲಕರಣೆಯಾದ ಸ್ನ್ಯಾಪ್‌ನಿಂದ ದುಂಡಾಗಿಸುತ್ತಾರೆ. ಪ್ರತಿ ಕೂಡು ಮುಗಿದೊಡನೆ ತೋಳನ್ನು ತಿರುಗಿಸಿ ನೋಡುವುದು ಅಗತ್ಯ.

ಮೂಲರೂಪ

ಭಾರತದಲ್ಲಿ 2021ರ ಕೇಂದ್ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ಕಾರುಗಳನ್ನು ವಿಂಟೇಜ್ ವಾಹನಗಳಾಗಿ ನೋಂದಾಯಿಸಬಹುದು. ಮೂಲರೂಪ ಹೇಗಿತ್ತೆಂದು ತಿಳಿಯಲು ಧರ್ಮಸ್ಥಳದ ವಾಹನ ಸಂಗ್ರಹದಂಥ ಕಡೆ ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಬಹುದು. ಆದರೆ ಹಂದರ ದುರಸ್ತಿಗೆ ಹೊರಟವರಿಗೆ ಆ ಕಾರಿನಿಂದಲೇ ತೆಗೆದ ಹಳೆಯ ರಿವೆಟ್‌ಗಳಷ್ಟು ಒಳ್ಳೆಯ ಮಾದರಿ ಬೇರೆ ಸಿಗದು. ಪ್ರತಿಯೊಂದಕ್ಕೂ ಅದರ ಜಾಗದ ಚೀಟಿ ಕಟ್ಟಿ, ಹುಡ್ ಪೂರ್ತಿ ಕೂರುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಬೇಕು.