ಸ್ಟ್ಯಾನ್ಮೋರಿನ ವರ್ಣಲೆಕ್ಕ

ವರ್ಣದ್ವೇಷವೆಂಬ ಮಾತು ಕಿವಿಗೆ ಬಿದ್ದೊಡನೆಯೇ ನಮ್ಮ ಮನಸ್ಸು ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕೆಯ ದಕ್ಷಿಣ ಸಂಸ್ಥಾನಗಳಿಗೆ ಹೋಗಿಬಿಡುತ್ತದೆ. 1955ರ ಡಿಸೆಂಬರಿನಲ್ಲಿ ಮಾಂಟ್‌ಗೊಮರಿ ನಗರದ ಬಸ್ಸಿನಲ್ಲಿ ತನ್ನ ಆಸನವನ್ನು ಬಿಳಿಯನಿಗೆ ಬಿಟ್ಟುಕೊಡಲೊಪ್ಪದೆ ಬಂಧಿತಳಾದ ರೋಸಾ ಪಾರ್ಕ್ಸಳ ವೃತ್ತಾಂತವನ್ನೂ, ಆ ಮೇಲೆ ಅಲ್ಲಿಯ ಕಪ್ಪು ಜನರು 381 ದಿನಗಳ ಕಾಲ ಬಸ್ಸನ್ನೇ ಹತ್ತದೆ ಕಾಲ್ನಡಿಗೆಯಿಂದ ಕೆಲಸಕ್ಕೆ ಹೋಗಿಬಂದ ಸಾಹಸವನ್ನೂ ನಮ್ಮೂರ ಶಾಲೆಯ ಮಕ್ಕಳೂ ಓದಿ ಬಲ್ಲರು. ಅಲ್ಲಿ ಭೇದವನ್ನು ಶಾಸನವೇ ವಿಧಿಸಿ ಫಲಕಗಳ ಮೇಲೆ ಬರೆಯಿಸಿದ್ದಿತು; ಆದಕಾರಣ ಬೆರಳುಮಾಡಿ ತೋರಿಸುವುದಕ್ಕೆ ಒಂದು ವಸ್ತುವಿದ್ದಿತು. ನಾನು ಬಹುಕಾಲದಿಂದ ವಾಸವಾಗಿರುವ, ಲಂಡನ್ನಿನ ವಾಯವ್ಯದ ಅಂಚಿನಲ್ಲಿರುವ ಸ್ಟ್ಯಾನ್ಮೋರಿನಂಥ ಊರಿನಲ್ಲಾದರೋ ಅದು ಲೆಕ್ಕದ ಪುಸ್ತಕಗಳಲ್ಲಿ, ಸೇನೆಯ ನಿಯಮಾವಳಿಯಲ್ಲಿ, ಉದ್ಯೋಗದ ಅರ್ಜಿಗಳ ಕಟ್ಟಿನಲ್ಲಿ ಬಹಳ ಸಭ್ಯವಾಗಿ ಕುಳಿತಿದ್ದಿತು, ಹುಡುಕಿ ತೆಗೆಯಬೇಕು.

ಹುಡುಕಹೊರಟವನಿಗೆ ಮೊದಲು ಸಿಕ್ಕುವುದು ಒಬ್ಬ ಡ್ಯೂಕನ ಲೆಕ್ಕದ ಪುಸ್ತಕ. ಸ್ಪೇನಿನ ಸಿಂಹಾಸನಕ್ಕಾಗಿ ಯೂರೋಪಿನ ರಾಜರು ಬಡಿದಾಡುತ್ತಿದ್ದ ಕಾಲದಲ್ಲಿ, 1705ರಿಂದ 1713ರವರೆಗೆ, ಹೊರನಾಡಿನಲ್ಲಿದ್ದ ಇಂಗ್ಲಿಷ್ ಸೈನ್ಯದ ವೇತನಾಧಿಕಾರಿಯಾಗಿದ್ದು, ಸರಕಾರದ ಹಣ ತನ್ನ ಕೈಯಲ್ಲಿ ಹಾದುಹೋಗುವಾಗ ಅದರಿಂದ ತನಗೂ ಯಥೇಚ್ಛವಾಗಿ ಲಾಭ ಮಾಡಿಕೊಂಡ ಜೇಮ್ಸ್ ಬ್ರಿಡ್ಜಸ್ ಎಂಬಾತನು, ಮುಂದೆ ಶಾಂಡೋಸಿನ ಡ್ಯೂಕ್ ಎನ್ನಿಸಿಕೊಂಡು, ಲಿಟಲ್ ಸ್ಟ್ಯಾನ್ಮೋರಿನಲ್ಲಿ ಕ್ಯಾನನ್ಸ್ ಎಂಬ ಅರಮನೆಯನ್ನು ಕಟ್ಟಿಸಿದನು. 1717–18ರಲ್ಲಿ ಸಂಗೀತಗಾರ ಹ್ಯಾಂಡೆಲನು ಇಲ್ಲಿಯೇ ಆಶ್ರಯ ಪಡೆದು ಶಾಂಡೋಸ್ ಸ್ತೋತ್ರಗಳನ್ನು ರಚಿಸಿದನು. ಡ್ಯೂಕನು ಹೊಸದಾಗಿ ಕಟ್ಟಿಸಿಕೊಟ್ಟ ಸೇಂಟ್ ಲಾರೆನ್ಸ್ ಇಗರ್ಜಿ ಇಂದಿಗೂ ವಿಟ್‌ಚರ್ಚ್ ಲೇನಿನಲ್ಲಿದೆ. ಅದರ ಚಿತ್ರಿತ ಗೋಡೆಗಳನ್ನೂ ಆತನ ಅಮೃತಶಿಲೆಯ ಸಮಾಧಿಯನ್ನೂ ನೋಡಲು ದೂರದಿಂದ ಜನ ಬರುತ್ತಾರೆ. ಅವರಲ್ಲಿ ಬಹುಮಂದಿಗೆ ತಿಳಿಯದ ಸಂಗತಿಯೆಂದರೆ, ಆಫ್ರಿಕದ ಪಶ್ಚಿಮ ತೀರದಿಂದ ಮನುಷ್ಯರನ್ನು ಹಡಗಿಗೆ ತುಂಬಿ ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಗೆ ಮಾರುತ್ತಿದ್ದ ರಾಯಲ್ ಆಫ್ರಿಕನ್ ಕಂಪೆನಿ ದಿವಾಳಿಯ ಅಂಚಿನಲ್ಲಿದ್ದಾಗ, 1720ರಲ್ಲಿ ಅದಕ್ಕೆ ಪುನಃ ಪ್ರಾಣಪ್ರತಿಷ್ಠೆ ಮಾಡಲು ಮುಂದಾದವರಲ್ಲಿ ಈ ಡ್ಯೂಕನೇ ಅಗ್ರಗಣ್ಯನು. ಅದೇ ವರ್ಷದ ಷೇರುಪುಸ್ತಕದಲ್ಲಿ ಹ್ಯಾಂಡೆಲನ ಹೆಸರನ್ನೂ ಈಚಿನ ಸಂಶೋಧಕರು ಕಂಡಿದ್ದಾರೆ. ಸಂಗೀತಪ್ರಿಯನಾದ ನನಗೆ ಇದು ಹಿತವಾದ ಸುದ್ದಿಯಲ್ಲ. ಆದರೆ ರಾಗದ ಸೊಗಸು ಬೇರೆ, ಅದಕ್ಕೆ ಎಣ್ಣೆ ಹೊಯ್ದ ಕೈ ಬೇರೆ. ಡ್ಯೂಕನು 1744ರಲ್ಲಿ ತೀರಿಕೊಂಡನು. ಮಗನಿಗೆ ಉಳಿದದ್ದು ಸಾಲ. ಮೂರು ವರ್ಷದಲ್ಲಿ ಅರಮನೆಯನ್ನು ಕೆಡವಿ ಕಲ್ಲು, ಮರ, ಮೆಟ್ಟಿಲುಗಳನ್ನು ಹರಾಜು ಹಾಕಿದರು. ಈಗ ಆ ನಿವೇಶನದಲ್ಲಿ ಹೆಣ್ಣುಮಕ್ಕಳ ಹೆಸರುವಾಸಿಯಾದ ಶಾಲೆಯೊಂದಿದ್ದು, ಅಲ್ಲಿ ನಮ್ಮವರ ಮಕ್ಕಳೂ ಓದುತ್ತಾರೆ.

ಎರಡು ಶತಮಾನಗಳನ್ನು ಒಂದೇ ನೆಗೆತಕ್ಕೆ ದಾಟಿ ಗುಡ್ಡದ ಮೇಲಣ ಬೆಂಟ್ಲಿ ಪ್ರಯರಿಗೆ ಬರೋಣ. 1936ರಿಂದ ಇದು ರಾಜಮನೆತನದ ವಾಯುಸೇನೆಯ ಫೈಟರ್ ಕಮಾಂಡಿನ ಕೇಂದ್ರಸ್ಥಾನವಾಗಿದ್ದಿತು. 1940ರ ಬೇಸಗೆಯಲ್ಲಿ ಜರ್ಮನ್ ವಿಮಾನಗಳ ಚಲನೆಯನ್ನು ದೊಡ್ಡ ಮೇಜಿನ ನಕ್ಷೆಯ ಮೇಲೆ ಗುರುತಿಸುತ್ತ, ಏರ್ ಚೀಫ್ ಮಾರ್ಷಲ್ ಡೌಡಿಂಗ್ ಬ್ರಿಟನ್ನಿನ ಆಕಾಶವನ್ನು ಕಾಯ್ದುಕೊಂಡದ್ದು ಇಲ್ಲಿಂದ. ಜನಾಂಗಶ್ರೇಷ್ಠತೆಯನ್ನೇ ಧರ್ಮವಾಗಿಸಿಕೊಂಡ ಶತ್ರುವಿನೊಡನೆ ಹೋರಾಡಿದ ಈ ಸೇನೆಯು ಯುದ್ಧಕ್ಕೆ ಮುಂಚೆ ತನ್ನ ಅಧಿಕಾರಪದವಿಗಳನ್ನು ಶುದ್ಧ ಯೂರೋಪಿಯನ್ ವಂಶದ ಪ್ರಜೆಗಳಿಗೆ ಮಾತ್ರ ಮೀಸಲಿಟ್ಟಿದ್ದಿತೆಂಬುದನ್ನು ಇಲ್ಲಿಯ ಇಂದಿನ ವಸ್ತುಸಂಗ್ರಹಾಲಯಕ್ಕೆ ಬರುವ ಪ್ರೇಕ್ಷಕನು ನೆನಪಿಟ್ಟುಕೊಂಡರೆ ಒಳ್ಳೆಯದು. 1939ರ ಅಕ್ಟೋಬರಿನಲ್ಲಿ ಆ ನಿರ್ಬಂಧವನ್ನು ತೆಗೆದುಹಾಕಿದರು, ಅದೂ ಯುದ್ಧ ಮುಗಿಯುವವರೆಗೆ ಎಂಬ ಷರತ್ತಿನ ಮೇಲೆ. ಮರುವರ್ಷದ ಅಕ್ಟೋಬರಿನಲ್ಲಿ 24 ಮಂದಿ ಭಾರತೀಯ ವೈಮಾನಿಕರು ಬಂದಿಳಿದರು. ಅವರಲ್ಲೊಬ್ಬನಾದ ಮಹೀಂದರ್ ಸಿಂಗ್ ಪುಜ್ಜಿಯು ಹರಿಕೇನ್ ವಿಮಾನವನ್ನು ತಲೆಯ ಮೇಲಣ ಪಗಡಿಯನ್ನು ತೆಗೆಯದೆಯೇ ಹಾರಿಸಿದನು.

ಊರು ಇಂದಿನ ರೂಪಕ್ಕೆ ಬಂದದ್ದು ರೈಲಿನಿಂದ. 1932ರ ಡಿಸೆಂಬರ್ 10ರಂದು ಮೆಟ್ರೊಪಾಲಿಟನ್ ರೈಲ್ವೆಯ ಕವಲುಮಾರ್ಗ ಸ್ಟ್ಯಾನ್ಮೋರಿಗೆ ತಲುಪಿತು. ಅದರ ಹಿಂದೆಯೇ ಜೋಡಿಮನೆಗಳ ಸಾಲುಗಳು ಬಂದವು. ಪೂರ್ವ ಲಂಡನ್ನಿನ ಇಕ್ಕಟ್ಟಿನಿಂದ ಯೆಹೂದ್ಯ ಕುಟುಂಬಗಳು ಬಂದವು, ಅವರ ತರುವಾಯ ಕೀನ್ಯ, ಉಗಾಂಡಗಳಿಂದ ಗುಜರಾತಿಗಳು, ಅವರ ಜೊತೆಜೊತೆಗೆ ಅಲ್ಲೊಬ್ಬ ಇಲ್ಲೊಬ್ಬ ನಾವು. ಶಾಸನವು ಮಾತ್ರ ಕುಂಟುತ್ತ ಬಂದಿತು. 1965ರ ಜನಾಂಗ ಸಂಬಂಧಗಳ ಕಾಯಿದೆಯು ಹೋಟೆಲು, ನಾಟಕಶಾಲೆಗಳಂಥ ಸಾರ್ವಜನಿಕ ಸ್ಥಳಗಳನ್ನಷ್ಟೇ ಮುಟ್ಟಿತು. ವಸತಿ ಮತ್ತು ಉದ್ಯೋಗಗಳು ಅದರ ವ್ಯಾಪ್ತಿಗೆ ಬಂದದ್ದು 1968ರಲ್ಲಿ. ಅದೇ ವರ್ಷ, ಬ್ರಿಟಿಷ್ ಪಾಸ್‌ಪೋರ್ಟನ್ನೇ ಕೈಯಲ್ಲಿ ಹಿಡಿದಿದ್ದ ಕೀನ್ಯದ ಏಷ್ಯನ್ನರು ಒಳಬಾರದಂತೆ ಮತ್ತೊಂದು ಕಾಯಿದೆಯನ್ನು ಇದೇ ಪಾರ್ಲಿಮೆಂಟು ತರಾತುರಿಯಿಂದ ಅಂಗೀಕರಿಸಿತು. ಒಂದು ಕೈಯಿಂದ ಬಾಗಿಲು ಮುಚ್ಚುತ್ತ ಇನ್ನೊಂದರಿಂದ ಒಳಗಿದ್ದವರಿಗೆ ಮಣೆ ಹಾಕುವ ಈ ರೀತಿ ಇಂಗ್ಲಿಷ್ ರಾಜಕಾರಣದ ಹಳೆಯ ಅಭ್ಯಾಸವೆಂದೇ ನನ್ನ ಭಾವನೆ.

ಸ್ಟ್ಯಾನ್ಮೋರಿನಿಂದ ನಗರಕ್ಕೆ ಹೋಗುವ ಇದೇ ರೈಲುಮಾರ್ಗದಲ್ಲಿ ಡಾಲಿಸ್ ಹಿಲ್ ಎಂಬ ನಿಲ್ದಾಣವಿದೆ. ಅದರ ಮಗ್ಗುಲಿನ ಚಾಪ್ಟರ್ ರಸ್ತೆಯಲ್ಲಿ ಗ್ರನ್ವಿಕ್ ಎಂಬ, ಅಂಚೆಯ ಮೂಲಕ ಬಂದ ಫೋಟೋ ಫಿಲ್ಮುಗಳನ್ನು ಸಂಸ್ಕರಿಸಿ ಹಿಂದಿರುಗಿಸುವ ಕಾರ್ಖಾನೆಯಿದ್ದಿತು. ದುಡಿಯುವವರಲ್ಲಿ ಬಹುಪಾಲು ಪೂರ್ವ ಆಫ್ರಿಕದಿಂದ ನಿರ್ಗತಿಕರಾಗಿ ಬಂದ ಗುಜರಾತಿ ಹೆಂಗಸರು. ಅಲ್ಲಿ ಮನೆಯ ತುಂಬ ಆಳುಕಾಳುಗಳನ್ನಿಟ್ಟುಕೊಂಡಿದ್ದವರು ಇಲ್ಲಿ ಶೌಚಕ್ಕೆ ಹೋಗಲೂ ಮೇಲ್ವಿಚಾರಕನ ಅಪ್ಪಣೆ ಕೇಳಬೇಕಾಗಿದ್ದಿತು. 1976ರ ಆಗಸ್ಟ್ 20ರ ಶುಕ್ರವಾರ, ಸುಡುಬಿಸಿಲಿನ ಆ ಬೇಸಗೆಯಲ್ಲಿ, ಹೆಚ್ಚಿನ ಹೊತ್ತಿನ ಕೆಲಸ ಕಡ್ಡಾಯವೆಂದು ಹೇಳಿದ ವ್ಯವಸ್ಥಾಪಕನ ಎದುರಿಗೆ, ಸೀರೆಯುಟ್ಟ ಕುಳ್ಳನೆಯ ಜಯಾಬೆನ್ ದೇಸಾಯಿ ಕೈಚೀಲವನ್ನೆತ್ತಿಕೊಂಡು ನಿಂತರು. ನೀವು ನಡೆಸುತ್ತಿರುವುದು ಕಾರ್ಖಾನೆಯಲ್ಲ, ಮೃಗಾಲಯ, ಅದರಲ್ಲಿ ನಿಮ್ಮ ತಾಳಕ್ಕೆ ಕುಣಿಯುವ ಕೋತಿಗಳೂ ಉಂಟು, ನಿಮ್ಮ ತಲೆಯನ್ನೇ ಕಚ್ಚಬಲ್ಲ ಸಿಂಹಗಳೂ ಉಂಟು ಎಂಬರ್ಥದ ಮಾತನ್ನು ಅವನ ಮುಖಕ್ಕೇ ಆಡಿ, ಮಗನೊಡನೆ ಹೊರಗೆ ನಡೆದರು. ಮುಷ್ಕರಕ್ಕಿಳಿದವರು 137 ಮಂದಿ. ಅವರ ಪರವಾಗಿ ಕ್ರಿಕಲ್‌ವುಡ್ಡಿನ ಬಿಳಿಯ ಅಂಚೆನೌಕರರು ಕಾರ್ಖಾನೆಯ ಅಂಚೆಯನ್ನು ಮುಟ್ಟಲೊಲ್ಲೆವೆಂದರು. 1977ರ ಬೇಸಗೆಯಲ್ಲಿ ಯಾರ್ಕ್‌ಷೈರಿನ ಗಣಿಕಾರ್ಮಿಕರು ಬಂದು ನಿಂತರು. ಒಂಬತ್ತು ವರ್ಷದ ಹಿಂದೆ ರಾಜಕಾರಣಿ ಇನಕ್ ಪವೆಲ್ಲನ ವಲಸೆವಿರೋಧಿ ಭಾಷಣವನ್ನು ಬೆಂಬಲಿಸಿ ಮೆರವಣಿಗೆ ಹೋಗಿದ್ದ ಲಂಡನ್ ಬಂದರಿನ ಕೂಲಿಗಳ ಪತಾಕೆಯೂ ಈಗ ಈ ಹೆಂಗಸರ ಹಿಂದೆ ಬಂದಿತು. ನ್ಯಾಯಾಧೀಶ ಸ್ಕಾರ್ಮನ್ನನ ಸಮಿತಿಯು ಅವರನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳಬೇಕೆಂದಿತು, ಮಾಲೀಕನು ಒಪ್ಪಲಿಲ್ಲ. ಕಾರ್ಮಿಕಸಂಘಗಳ ಮಹಾಮಂಡಲ ಕೈಬಿಟ್ಟಾಗ ಜಯಾಬೆನ್ನರು ಅದರ ಕಚೇರಿಯ ಹೊಸ್ತಿಲಲ್ಲೇ ಉಪವಾಸ ಕುಳಿತರು. 1978ರ ಜುಲೈಯಲ್ಲಿ ಮುಷ್ಕರ ಸೋತು ಮುಗಿಯಿತು, ಒಬ್ಬರಿಗೂ ಕೆಲಸ ಮರಳಿ ಸಿಕ್ಕಲಿಲ್ಲ.

ನಮ್ಮ ಕನ್ನಡದವರಲ್ಲಿ ಅಂದು ಲಂಡನ್ನಿನಲ್ಲಿದ್ದವರನ್ನು ಈ ಮುಷ್ಕರದ ವಿಷಯ ಕೇಳಿದರೆ ಪತ್ರಿಕೆಯಲ್ಲಿ ಓದಿದ್ದೆವೆನ್ನುವರೇ ಹೊರತು, ಆ ಬೀದಿಗೆ ಹೋಗಿ ನಿಂತೆವೆನ್ನುವವರನ್ನು ನಾನು ಕಾಣೆ. ನಾವು ಬಂದ ದಾರಿಯೇ ಬೇರೆಯಾಗಿದ್ದಿತು. ಮೈಸೂರು, ಹುಬ್ಬಳ್ಳಿ, ಮಣಿಪಾಲಗಳ ವೈದ್ಯಕೀಯ ಪದವಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದವರು ತಾವು ಈ ಕಲಹಕ್ಕೆ ಹೊರಗಿನವರೆಂದು ನಂಬಿದ್ದರು. ಅವರ ನಂಬಿಕೆಗೆ ಆಧಾರವೂ ಇದ್ದಿತು: 1960ರಿಂದ 1963ರವರೆಗೆ ಆರೋಗ್ಯಸಚಿವನಾಗಿದ್ದ ಅದೇ ಪವೆಲ್ಲನ ಆಡಳಿತದಲ್ಲಿಯೇ, ಈ ದೇಶದ ಆಸ್ಪತ್ರೆಗಳ ರಾತ್ರಿಪಾಳಿಯ ಭಾರ ಬಹುಮಟ್ಟಿಗೆ ಭಾರತ, ಪಾಕಿಸ್ತಾನಗಳ ತರುಣ ವೈದ್ಯರ ಹೆಗಲ ಮೇಲಿದ್ದಿತು. ಸ್ಟ್ಯಾನ್ಮೋರಿನ ಬ್ರಾಕ್ಲಿ ಹಿಲ್ ಮೇಲೆ 1922ರಿಂದ ಇರುವ ರಾಜಮನೆತನದ ಮೂಳೆಚಿಕಿತ್ಸಾಲಯವೆಂದರೆ ಆ ವಿದ್ಯೆಯನ್ನು ಅರಸಿ ಬಂದವರಿಗೆಲ್ಲ ಕಾಶಿಯಿದ್ದಂತೆ. ಅದರ ಹೆಸರನ್ನು ಊರಿನಲ್ಲಿದ್ದಾಗಲೇ ಪಠ್ಯಪುಸ್ತಕಗಳಲ್ಲಿ ಓದಿ ಬಂದವರಿದ್ದರು. ಆದರೆ ಮೂಳೆಯ ಶಸ್ತ್ರಚಿಕಿತ್ಸೆಯನ್ನು ಕಲಿಯಬೇಕೆಂದು ಬಂದವರೆಷ್ಟೋ ಮಂದಿ ಬಿಳಿಯ ವೈದ್ಯರು ಒಲ್ಲದ ವೃದ್ಧರ ವಾರ್ಡುಗಳಲ್ಲಿಯೂ ಮನೋರೋಗದ ಆಸ್ಪತ್ರೆಗಳಲ್ಲಿಯೂ ಆಯುಷ್ಯವನ್ನು ಕಳೆದರು. ಎಪ್ಪತ್ತರ ದಶಕದಲ್ಲಿ ಬಂದು, ಶಸ್ತ್ರವೈದ್ಯನಾಗಬೇಕೆಂಬ ಆಸೆಯನ್ನು ಬಿಟ್ಟು, ವೃದ್ಧರ ಚಿಕಿತ್ಸೆಯಲ್ಲಿಯೇ ನಿವೃತ್ತರಾದ ಹಿರಿಯರೊಬ್ಬರನ್ನು ಒಮ್ಮೆ ಕೇಳಿದೆ.

“ನಿಮಗೆ ಇಲ್ಲಿ ಬಣ್ಣದ ಕಾರಣದಿಂದ ತೊಂದರೆ ಆಯಿತೇ, ಡಾಕ್ಟರೇ?”

“ಛೆ, ಛೆ, ಯಾರೂ ಒಂದು ಮಾತು ಅನ್ನಲಿಲ್ಲಪ್ಪ,” ಎಂದರವರು. “ನಾವು ಕೇಳಿದ ಕೆಲಸ ಮಾತ್ರ ಕೊಡಲಿಲ್ಲ.”

ಇದಕ್ಕೆ ಸಾಕ್ಷ್ಯ ದೊರೆತದ್ದು ತಡವಾಗಿ. ಲಂಡನ್ನಿನ ಸೇಂಟ್ ಜಾರ್ಜ್ ವೈದ್ಯಕೀಯ ಶಾಲೆಯಲ್ಲಿ ವಿದ್ಯಾರ್ಥಿಗಳ ಅರ್ಜಿಗಳನ್ನು ಜರಡಿಯಾಡುವ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿದ್ದರು. ಹಿಂದಿನ ಪರೀಕ್ಷಕರು ಹೇಗೆ ಆರಿಸುತ್ತಿದ್ದರೋ ಹಾಗೆಯೇ ಆರಿಸುವಂತೆ ಯಂತ್ರಕ್ಕೆ ಕಲಿಸಲಾಗಿದ್ದಿತು. ಅದು ವಿಧೇಯ ಶಿಷ್ಯನಂತೆ, ಯೂರೋಪಿನದಲ್ಲದ ಹೆಸರು ಕಂಡಲ್ಲಿ ಅಂಕಗಳನ್ನು ಕಳೆಯಿತು, ಹೆಣ್ಣಾಗಿದ್ದರೂ ಕಳೆಯಿತು. 1988ರಲ್ಲಿ ಜನಾಂಗಸಮಾನತೆಯ ಆಯೋಗವು ಇದನ್ನು ಬಯಲಿಗೆಳೆದಾಗ, ಈ ಕಾರಣದಿಂದ ವರ್ಷಕ್ಕೆ 60 ಮಂದಿಯವರೆಗೆ ಸಂದರ್ಶನದಿಂದ ವಂಚಿತರಾಗಿದ್ದರೆಂದು ತಿಳಿಯಿತು. ವಿಚಿತ್ರವೆಂದರೆ, ಲಂಡನ್ನಿನ ಇತರ ಬಹುತೇಕ ವೈದ್ಯಶಾಲೆಗಳಿಗಿಂತ ಈ ಶಾಲೆಯಲ್ಲಿಯೇ ಯೂರೋಪಿನವರಲ್ಲದ ವಿದ್ಯಾರ್ಥಿಗಳು ಹೆಚ್ಚಾಗಿದ್ದರು. ಉಳಿದೆಡೆ ಅದೇ ಜರಡಿ ಮನುಷ್ಯರ ತಲೆಯೊಳಗಿದ್ದುದರಿಂದ ಅದನ್ನು ಬಿಚ್ಚಿ ನೋಡುವ ಉಪಾಯವಿರಲಿಲ್ಲ. ಆ ಉಪಾಯವನ್ನೂ ಇಬ್ಬರು ಕಂಡುಹಿಡಿದರು. ಅನೀಜ್ ಇಸ್ಮಾಯಿಲ್ ಮತ್ತು ಸ್ಯಾಮ್ ಎವರಿಂಗ್ಟನ್ ಎಂಬ ವೈದ್ಯರು ಒಂದೇ ವಿದ್ಯೆ, ಒಂದೇ ಅನುಭವ, ಆದರೆ ಒಂದಕ್ಕೆ ಇಂಗ್ಲಿಷ್ ಹೆಸರು, ಇನ್ನೊಂದಕ್ಕೆ ಏಷ್ಯನ್ ಹೆಸರು ಇರುವ ಕಲ್ಪಿತ ಅರ್ಜಿಗಳನ್ನು ಆಸ್ಪತ್ರೆಗಳಿಗೆ ಕಳುಹಿಸಿದರು. ಇಂಗ್ಲಿಷ್ ಹೆಸರಿನವರಿಗೆ ಸಂದರ್ಶನದ ಕರೆ ಬರುವ ಸಂಭವ ಎರಡರಷ್ಟಿದ್ದಿತು. 1993ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಅದು ಪ್ರಕಟವಾಯಿತು. ಸುಳ್ಳು ಅರ್ಜಿ ಹಾಕಿದರೆಂದು ಪೊಲೀಸರು ಬಂಧಿಸಿದ್ದು ಆ ಸಂಶೋಧಕರನ್ನು! ಮೊಕದ್ದಮೆಯೇನೋ ನಡೆಯಲಿಲ್ಲ. ನಮ್ಮ ಹಿರಿಯ ಡಾಕ್ಟರು ಹೇಳದೆ ಬಿಟ್ಟ ಅರ್ಧ ಮಾತು ಆ ಪತ್ರಿಕೆಯ ಪುಟಗಳಲ್ಲಿ ಅಚ್ಚಾಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಲೆಕ್ಕವು ನಮ್ಮ ಪಾಲಿಗೆ ಅನುಕೂಲವಾಗಿಯೇ ಇರುತ್ತದೆ. ಆದರೆ ಲೆಕ್ಕಕ್ಕೆ ಎರಡು ಬದಿಗಳುಂಟು. 2021ರ ಜನಗಣತಿಯಲ್ಲಿ ಸ್ಟ್ಯಾನ್ಮೋರ್ ಸೇರಿದ ಹ್ಯಾರೋ ಆಡಳಿತಪ್ರದೇಶದ ಶೇಕಡ 25.8 ಮಂದಿ ತಾವು ಹಿಂದೂಗಳೆಂದು ಬರೆಯಿಸಿದರು. ಇಂಗ್ಲೆಂಡು ಮತ್ತು ವೇಲ್ಸುಗಳಲ್ಲೆಲ್ಲ ಇದೇ ಅತ್ಯಧಿಕ ಪ್ರಮಾಣ. ಊರಿನಲ್ಲಿ ದೇವಾಲಯವಿದೆ, ಸಸ್ಯಾಹಾರದ ಅಂಗಡಿಗಳಿವೆ, ಯಾರ ಮುಂದೆಯೂ ಕೈಚಾಚದೆ ಬದುಕುವ ಸಮೃದ್ಧಿಯಿದೆ. ಈ ಸಮೃದ್ಧಿಯ ನಡುವೆ 2010ರ ಸಮಾನತಾ ಕಾಯಿದೆ ಬಂದಿತು. ಜನಾಂಗವೆಂಬುದರ ವ್ಯಾಖ್ಯೆಯೊಳಗೆ ಜಾತಿಯನ್ನೂ ಸೇರಿಸುವ ಅಧಿಕಾರವನ್ನು ಅದು ಸರಕಾರಕ್ಕೆ ಕೊಟ್ಟಿತು. 2013ರಲ್ಲಿ ಪಾರ್ಲಿಮೆಂಟು ಆ ಅಧಿಕಾರವನ್ನು ಕರ್ತವ್ಯವನ್ನಾಗಿ ಮಾರ್ಪಡಿಸಿತು. ಆಗ ಎದ್ದ ವಿರೋಧದ ಮುಂಚೂಣಿಯಲ್ಲಿದ್ದವು ಬ್ರಿಟನ್ನಿನ ಹಲವು ಹಿಂದೂ ಸಂಸ್ಥೆಗಳು. ಸ್ಟ್ಯಾನ್ಮೋರನ್ನೊಳಗೊಂಡ ಹ್ಯಾರೋ ಪೂರ್ವ ಕ್ಷೇತ್ರದ ಪಾರ್ಲಿಮೆಂಟ್ ಸದಸ್ಯ ಬಾಬ್ ಬ್ಲ್ಯಾಕ್‌ಮನ್ ಅವರೂ ಅದನ್ನು ರದ್ದುಮಾಡಬೇಕೆಂದು ಪ್ರಚಾರ ಮಾಡಿದರು. ಜಾತಿ ಇಲ್ಲಿ ಸತ್ತುಹೋಗಿದೆ, ಶಾಸನವು ಅದನ್ನು ಬದುಕಿಸುತ್ತದೆಂಬುದು ಮುಖ್ಯ ವಾದ. ಗ್ರನ್ವಿಕ್ಕಿನ ಮಾಲೀಕನೂ ತನ್ನ ಕಾರ್ಖಾನೆಯಲ್ಲಿ ಎಲ್ಲರೂ ತೃಪ್ತರೆಂದೇ ಹೇಳುತ್ತಿದ್ದನು. 2015ರಲ್ಲಿ ನ್ಯಾಯಮಂಡಲಿಯೊಂದು, ಬಿಹಾರ ಮೂಲದ ಆದಿವಾಸಿ ಹೆಂಗಸೊಬ್ಬಳನ್ನು ಗಂಟೆಗೆ 11 ಪೆನ್ಸಿನಷ್ಟರಲ್ಲಿ ಮನೆಗೆಲಸಕ್ಕಿಟ್ಟುಕೊಂಡಿದ್ದ ಭಾರತೀಯ ಕುಟುಂಬವು ಅವಳಿಗೆ 1,83,000 ಪೌಂಡಿಗೂ ಮೇಲ್ಪಟ್ಟು ಬಾಕಿ ಸಂಬಳ ಕೊಡಬೇಕೆಂದು ತೀರ್ಪಿತ್ತಿತು. ಜಾತಿಯು ಸಂದರ್ಭಾನುಸಾರ ಜನಾಂಗಮೂಲದ ಅರ್ಥದೊಳಗೆ ಬರಬಹುದೆಂದು ಅದೇ ಪ್ರಕರಣದಲ್ಲಿ ಮೇಲಿನ ನ್ಯಾಯಮಂಡಲಿ ಅದಕ್ಕೆ ಮುಂಚೆಯೇ ಹೇಳಿದ್ದಿತು. ಅಮೆರಿಕೆಯಲ್ಲಿ ಗುಲಾಮರನ್ನು ಬಿಡಿಸಿದ ಜನರಿಗೆ ತನ್ನ ‘ಗುಲಾಮಗಿರಿ’ ಗ್ರಂಥವನ್ನು 1873ರಲ್ಲಿ ಅರ್ಪಿಸಿದ ಜ್ಯೋತಿಬಾ ಫುಲೆಗೆ ಈ ಎರಡು ಲೆಕ್ಕಗಳೂ ಒಂದೇ ಪುಸ್ತಕದವೆಂಬುದು ಆಗಲೇ ಗೊತ್ತಿದ್ದಿತು.

ಅದೇ 2015ರ ನವೆಂಬರ್ 14ರಂದು ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣವಾಯಿತು. ಲ್ಯಾಂಬೆತ್ತಿನ ಮೇಯರರಾಗಿದ್ದ ಕಲಬುರಗಿ ಜಿಲ್ಲೆಯ ಡಾ. ನೀರಜ ಪಾಟೀಲರ ಪರಿಶ್ರಮದ ಫಲವದು, ನಾವೆಲ್ಲ ಹಿಗ್ಗಿದೆವು. ಬ್ರಾಹ್ಮಣ ಮಧುವರಸನ ಮಗಳನ್ನು ಸಮಗಾರ ಹರಳಯ್ಯನ ಮಗನಿಗೆ ಕೊಟ್ಟ ಕಲ್ಯಾಣದ ಕಥೆಯನ್ನು ಇಂಗ್ಲಿಷ್ ಸ್ನೇಹಿತರಿಗೆ ವಿವರಿಸಿ ಹೇಳಿದೆವು. ಸರಕಾರವು ಸಮಾಲೋಚನೆ ನಡೆಸಿ, ಜಾತಿಯನ್ನು ಶಾಸನಕ್ಕೆ ಸೇರಿಸುವುದಿಲ್ಲವೆಂದು, ಆ ಕರ್ತವ್ಯವನ್ನೇ ತೆಗೆದುಹಾಕುವೆವೆಂದು 2018ರ ಜುಲೈಯಲ್ಲಿ ಪ್ರಕಟಿಸಿತು. ಆ ವಾರ ನಮ್ಮ ಕೆಲವು ಮನೆಗಳಲ್ಲಿ ಸಿಹಿ ಹಂಚಿದರು. ಬಸವಣ್ಣನವರ ಪ್ರತಿಮೆಗೆ ಹಾರ ಹಾಕಿ ಬಂದಿದ್ದ ಕೈಗಳೂ ಹಂಚಿದವುಗಳಲ್ಲಿ ಇದ್ದವು. ನಾನೂ ಒಂದು ಪೇಡೆ ತಿಂದೆ.