ಕೋಲಾರದ ಗಣಿಯಲ್ಲಿ ಎಣಿಸಿದ ಕಣಗಳು

ಹುಬ್ಬಳ್ಳಿ ಸಮೀಪದ ಸುಳ್ಳದ ಎರೆಹೊಲಕ್ಕೆ ಒಂದು ಅಡ್ಡಮಳೆ ಬಿದ್ದ ಮಾತ್ರಕ್ಕೆ ರೈತ ಕೂರಿಗೆ ಹೂಡುವುದಿಲ್ಲ. ಅದು ಮುಂಗಾರಿನ ಆರಂಭವೋ, ಬರೀ ಆಕಸ್ಮಿಕವೋ ಎಂದು ತೂಗಿ ನೋಡುತ್ತಾನೆ. ನ್ಯೂಟ್ರಿನೊಗಳನ್ನು ಅರಸುವ ವಿಜ್ಞಾನಿಗಳ ಮುಂದಿರುವುದೂ ಇದೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿದ ಕಥೆಯೊಂದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲೇ ನಡೆದಿದೆ.

ನ್ಯೂಟ್ರಿನೊ ವಿದ್ಯುದಾವೇಶವಿಲ್ಲದ ಸೂಕ್ಷ್ಮ ಕಣ. ಇಡೀ ಭೂಮಿಯನ್ನೇ ತೂರಿ ಹೋಗಬಲ್ಲದು. ಅಪರೂಪಕ್ಕೊಮ್ಮೆ ಬಂಡೆಯಲ್ಲಿ ಡಿಕ್ಕಿಯಾದಾಗ ಮ್ಯೂಆನ್ ಎಂಬ ಕಣ ಹುಟ್ಟುತ್ತದೆ. ತೊಡಕೆಂದರೆ, ವಾಯುಮಂಡಲದಲ್ಲಿ ಹುಟ್ಟಿದ ಮ್ಯೂಆನ್‌ಗಳೂ ಮೇಲಿನಿಂದ ಸದಾ ಸುರಿಯುತ್ತಿರುತ್ತವೆ. ಆ ಗದ್ದಲ ತಪ್ಪಿಸಲು ಭೂಗರ್ಭಕ್ಕೇ ಇಳಿಯಬೇಕು. 1960ರ ದಶಕದ ಆರಂಭದಲ್ಲಿ ಕೋಲಾರದ 2.76 ಕಿ.ಮೀ. ಆಳದಲ್ಲಿ ಉಪಕರಣ ಇಟ್ಟಾಗ ಎರಡು ತಿಂಗಳು ಒಂದೂ ಮ್ಯೂಆನ್ ಸಿಗಲಿಲ್ಲ. ಆ ಮೌನವೇ ವರವಾಯಿತು.

1965ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಹಂ ವಿಜ್ಞಾನಿಗಳು ಒಟ್ಟಾಗಿ 2.3 ಕಿ.ಮೀ. ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೊಗಳ ಗುರುತು ಕಂಡರು. ಕಂಡದ್ದು ಬೆರಳೆಣಿಕೆಯಷ್ಟು. ಆದರೂ ಅದಕ್ಕೆ ತೂಕವಿತ್ತು. ಆ ಕಣಗಳು ಬಹಳ ಓರೆಯಾಗಿ ಬಂದಿದ್ದವು. ಮೇಲಿನಿಂದ ಹೊರಟ ಮ್ಯೂಆನ್ ಅಷ್ಟು ಓರೆಯಾಗಿ ಬರಬೇಕಾದರೆ ಹಲವು ಪಟ್ಟು ಹೆಚ್ಚು ಬಂಡೆ ದಾಟಬೇಕು. ಅದು ದಾರಿಯಲ್ಲೇ ನಿಂತುಹೋಗುತ್ತದೆ. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯಲ್ಲಿ ಫ್ರೆಡರಿಕ್ ರೈನಸ್ ತಂಡವೂ ಇದನ್ನೇ ಕಂಡಿತು.

1980ರ ದಶಕದಲ್ಲಿ ಕೋಲಾರದ ಅದೇ ಆಳದಲ್ಲಿ ಪ್ರೋಟಾನ್ ತಾನಾಗಿ ಅಳಿಯುವುದೇ ಎಂದು 140 ಟನ್ನಿನ ಉಪಕರಣ ಕಾಯುತ್ತಿತ್ತು. 1982ರ ವೇಳೆಗೆ ಅಂಥ ಮೂರು ಘಟನೆಗಳು ಕಂಡಂತಾಯಿತು. ಆದರೆ ಈ ಸಲ ನ್ಯೂಟ್ರಿನೊಗಳೇ ಗದ್ದಲವಾಗಿದ್ದವು! ಅವು ಡಿಕ್ಕಿಯಾದರೂ ಅಂಥದೇ ಗುರುತು ಮೂಡಬಲ್ಲದು. ಅಮೆರಿಕ, ಜಪಾನುಗಳ ಇನ್ನೂ ದೊಡ್ಡ ಉಪಕರಣಗಳು ಆ ಫಲವನ್ನು ದೃಢಪಡಿಸಲಿಲ್ಲ. ಪ್ರೋಟಾನ್ ಅಳಿಯುವುದನ್ನು ಇಂದಿಗೂ ಯಾರೂ ಕಂಡಿಲ್ಲ.

ಈಗ ಕಣವಿಜ್ಞಾನಿಗಳು ಶೋಧವೆಂದು ಸಾರಲು ‘ಐದು ಸಿಗ್ಮಾ’ ಅಳತೆ ಕೇಳುತ್ತಾರೆ. ಹೊಸದೇನೂ ಇಲ್ಲದಿದ್ದಾಗ ಬರೀ ಆಕಸ್ಮಿಕದಿಂದ ಅಷ್ಟು ದೊಡ್ಡ ಫಲ ಬರುವ ಸಂಭವ ಸುಮಾರು 35 ಲಕ್ಷಕ್ಕೆ ಒಂದು ಎಂದು ಇದರರ್ಥ. ಶೋಧ ನಿಜವೆಂಬುದಕ್ಕೆ ಅದು ಖಾತರಿಯಲ್ಲ. ಗದ್ದಲವನ್ನು ತಪ್ಪಾಗಿ ಅಳೆದಿದ್ದರೆ ಲೆಕ್ಕವೆಲ್ಲ ತಪ್ಪು.

ಎಷ್ಟು ಸಿಕ್ಕಿತು ಎಂಬುದಕ್ಕಿಂತ, ಸುಮ್ಮನೆ ಎಷ್ಟು ಸಿಗಬಹುದಿತ್ತು ಎಂಬುದನ್ನು ಮೊದಲು ಕೇಳಬೇಕು. ಒಂದೇ ಗಣಿ ಈ ಪಾಠವನ್ನು ಎರಡು ಬಾರಿ ಕಲಿಸಿತು.